ಹೋಗ್ಬರ್ತೀನಿ ಅನ್ನೋ ಮಾತು

ನಮ್ಮ ಸಖರಾಯಪಟ್ಟಣದ ಅಯ್ಯನಕೆರೆ ಕಟ್ಟಿಸಿದ್ದು ರುಕ್ಮಾಂಗದ ರಾಯ ಅಂತಾರೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ ದುರಸ್ತಿ ಆಯ್ತಂತೆ. ಏರಿ ಒಡೆದು ಹೊರಡ್ತೀನಿ ಅಂದ ಕೆರೆಯಮ್ಮನಿಗೆ ನೀರುಗಂಟಿ ಹೊನ್ನಬಿಲ್ಲ, "ದೊರೆಗೆ ಹೇಳಿ ಬರ್ತೀನಿ, ಅಲ್ಲೀತನಕ ತಡಿಯವ್ವ" ಅಂದ. ಅವನು ವಾಪಸ್ ಬರಬಾರದು ಅಂತ ದೊರೆ ಅವನನ್ನೇ ಕೊಲ್ಲಿಸಿದ. ಕೆರೆಯಮ್ಮ ಇನ್ನೂ ಕಾಯ್ತಿದಾಳೆ ಅಂತಾರೆ.

ಈ ಕಥೆ ಹೇಳ್ತಿದ್ದ ಅಜ್ಜಿ ಈಗಿಲ್ಲ. ತೋಟ ಮೊದಲೇ ಪಾಲಾಗಿತ್ತು. ಈ ವರ್ಷ ಹೆಂಚಿನ ಮನೆಯನ್ನೂ ಮಾರಿದ್ವಿ. ಬೀಗದ ಕೈ ಕೊಡೋ ಮುಂಚೆ ಒಲೆ ಸಾರಿಸಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟೆ. "ಹೋಗ್ತೀನಿ ಅನ್ಬಾರ್ದು, ಹೋಗ್ಬರ್ತೀನಿ ಅನ್ಬೇಕು" ಅಂತ ಅಜ್ಜಿ ಗದರ್ತಿದ್ರಲ್ಲ, ಹಂಗೇ ಅಂದೆ. ಹೂಂ ಅನ್ನೋಕೆ ಒಳಗೆ ಯಾರೂ ಇರ್ಲಿಲ್ಲ.

ಮನೆ ಹೋದ್ರೂ ಕೆರೆ ಇದೆ ಕಣ್ರೇ. ಮಕ್ಕಳನ್ನ ಏರಿ ಮೇಲೆ ಕರ್ಕೊಂಡ್ಹೋಗಿ, ಹೊನ್ನಬಿಲ್ಲನ ಕಥೆ ಹೇಳಿ.