ಕರಿ ತಂತಿಯ ಕಥೆ

1999ರ ಕೊನೆಯಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆ ಕೆಲಸ ಆರಂಭಿಸುವುದಕ್ಕೆ ಮುಂಚೆ ನಮ್ಮ ರಾಜ್ಯದಲ್ಲಿ ಕಾರುಗಳೇ ತಯಾರಾಗುತ್ತಿರಲಿಲ್ಲವೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ತಯಾರಾಗುತ್ತಿದ್ದವು; ಆದರೆ ಅವುಗಳ ಮೈ ಉಕ್ಕಿನದಾಗಿರದೆ ಫೈಬರ್‌ನದಾಗಿತ್ತು. ಈ ವ್ಯತ್ಯಾಸ ಒಂದು ಸಣ್ಣ ದೀಪದ ಮಟ್ಟಿಗೂ ಮುಖ್ಯವಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ.

1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಸಂಸ್ಥೆ ‘ಬಾದಲ್’ ಎಂಬ ಮೂರು ಚಕ್ರದ ಪುಟ್ಟ ಕಾರನ್ನು ಹೊರತಂದಿತು. ಅದರ ಎಂಜಿನ್ 198 ಸಿ.ಸಿ. ಅಷ್ಟೆ, ಸ್ಕೂಟರಿಗೆ ಹತ್ತಿರದ ಬಂಧು ಎನ್ನಬಹುದು. ಅದೇ ಸಂಸ್ಥೆ ಸಿಪಾನಿ ಎಂಬ ಹೆಸರಿನಲ್ಲಿ 1982ರಲ್ಲಿ ‘ಡಾಲ್ಫಿನ್’ ಕಾರನ್ನು ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರೇ ಇದರ ಮೂಲ, 848 ಸಿ.ಸಿ. ಎಂಜಿನ್, ಕೆಳಗೆ ಉಕ್ಕಿನ ಚೌಕಟ್ಟು, ಮೇಲೆ ಫೈಬರ್ ಮೈ. ಮರುವರ್ಷವೇ ಮಾರುತಿ 800 ಬಂದಿತು. ಅದರ ಮುಂದೆ ಡಾಲ್ಫಿನ್ ನಿಲ್ಲಲಾರದೆ ಹೋಯಿತು.

ಫೈಬರನ್ನೇ ಏಕೆ ಆರಿಸಿಕೊಂಡರು? ಉಕ್ಕಿನ ತಗಡನ್ನು ಒತ್ತಿ ಬಾಗಿಲು, ಬಾನೆಟ್ಟು ಮಾಡಬೇಕಾದರೆ ಬೃಹತ್ ಯಂತ್ರಗಳೂ ಬಲು ದುಬಾರಿಯಾದ ಅಚ್ಚುಗಳೂ ಬೇಕು. ಲಕ್ಷಗಟ್ಟಲೆ ಕಾರು ಮಾರುವವನಿಗೆ ಮಾತ್ರ ಆ ಖರ್ಚು ಗಿಟ್ಟುತ್ತದೆ. ಗಾಜಿನ ನಾರಿನ ಹಾಸಿಗೆ ರಾಳ ಬಳಿದು ಒಣಗಿಸುವ ವಿಧಾನಕ್ಕೆ ಅಗ್ಗದ ಅಚ್ಚು ಸಾಕು. ಸಣ್ಣ ಬಂಡವಾಳದವರು ಕಾರು ಮಾಡುವ ಧೈರ್ಯ ಮಾಡಿದ್ದೇ ಇದರಿಂದ. ಅವರು ಸೋತರು ಎಂದು ನಗುವವರ ಜೊತೆ ನಾನು ಸೇರಲಾರೆ.

1998ರಲ್ಲಿ ಇನ್ನೂ ದೊಡ್ಡ ಸಾಹಸವೊಂದು ನಡೆಯಿತು. ಬೆಂಗಳೂರಿನ ಸ್ಯಾನ್ ಮೋಟರ್ಸ್ ಸಂಸ್ಥೆ ‘ಸ್ಟಾರ್ಮ್’ ಎಂಬ ಕಾರನ್ನು ಬಿಡುಗಡೆ ಮಾಡಿತು. ಎರಡೇ ಆಸನ, ತೆರೆಯಬಹುದಾದ ಮೇಲ್ಹೊದಿಕೆ, ಫ್ರಾನ್ಸಿನವರ ವಿನ್ಯಾಸ, ರೆನೋ ಕಂಪನಿಯ 1149 ಸಿ.ಸಿ. ಪೆಟ್ರೋಲ್ ಎಂಜಿನ್. ಅಂಬಾಸಿಡರ್ ಕಾರನ್ನೇ ಕಂಡು ಬೆಳೆದ ಜನರ ನಡುವೆ ಇದೊಂದು ಕ್ರೀಡಾ ಕಾರು! ಅದರದೂ ಫೈಬರ್ ಮೈಯೇ. ಈಗ ಅದು ತಯಾರಾಗುತ್ತಿಲ್ಲ. ಬಿಡಿಭಾಗ ಬೇಕೆಂದರೆ ಅಂಗಡಿಯಲ್ಲಿ ಸಿಕ್ಕುವುದೂ ಇಲ್ಲ.

ಇಂಥ ಒಂದು ಸ್ಟಾರ್ಮ್ ನನ್ನ ತಂಗಿಯ ಮಗನ ಬಳಿ ಇದೆ. ಕಳೆದ ದೀಪಾವಳಿಗೆ ಅವನು ಅದನ್ನು ಬೆಂಗಳೂರಿನಿಂದ ಇಲ್ಲಿ ಕೆ.ಬಿ. ಬಡಾವಣೆಯ ನಮ್ಮ ಮನೆಗೆ ಓಡಿಸಿಕೊಂಡು ಬಂದಿದ್ದ. ಒಳದೀಪ ಉರಿಯುತ್ತಿರಲಿಲ್ಲ. ಬ್ರೇಕ್ ಒತ್ತಿದರೆ ಹಿಂದಿನ ಇಂಡಿಕೇಟರ್ ಮಂಕಾಗಿ ಮಿನುಗುತ್ತಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ತಪಾಸಣೆಯಲ್ಲಿ ದೀಪಗಳು ಸರಿಯಿರಬೇಕು. “ಮಾಮ, ಇದು ಸರಿಹೋಗದಿದ್ದರೆ ಗುಜರಿಗೆ ಹಾಕುವುದೇ ಸೈ” ಎಂದ. ಮೂವರು ಮೆಕ್ಯಾನಿಕ್‌ಗಳು ಬಲ್ಬು ಬದಲಿಸಿ ಹಣ ಪಡೆದಿದ್ದರಂತೆ.

ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು, ವಿದ್ಯುತ್ತು ಹರಿಯಬೇಕಾದರೆ ಹೋಗುವ ದಾರಿಯಂತೆ ಮರಳುವ ದಾರಿಯೂ ಬೇಕು. ಉಕ್ಕಿನ ಕಾರಿನಲ್ಲಿ ಪ್ರತಿ ದೀಪಕ್ಕೂ ಒಂದೇ ತಂತಿ ಸಾಕು. ಮರಳುವ ದಾರಿ ಕಾರಿನ ಮೈಯೇ. ಮೆಕ್ಯಾನಿಕ್‌ಗಳು ಅದನ್ನು ‘ಬಾಡಿ ಅರ್ತ್’ ಎನ್ನುತ್ತಾರೆ. ಬಾಗಿಲ ಬಳಿಯ ಸಣ್ಣ ಗುಂಡಿ ಸಹ ಸಾಮಾನ್ಯವಾಗಿ ಈ ಮರಳುವ ದಾರಿಯನ್ನೇ ಕೂಡಿಸಿ, ಕಡಿದು ದೀಪವನ್ನು ನಿಯಂತ್ರಿಸುತ್ತದೆ. ಫೈಬರ್ ಮೈಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಆದ್ದರಿಂದ ಪ್ರತಿ ದೀಪಕ್ಕೂ ಮರಳುವ ತಂತಿಯನ್ನು ಬೇರೆಯಾಗಿ ಎಳೆಯಬೇಕು. ಅದು ಸಾಧಾರಣವಾಗಿ ಕರಿ ಬಣ್ಣದ್ದು. 1953ರಲ್ಲಿ ಅಮೆರಿಕದ ಶೆವರ್ಲೆ ಕಾರ್ವೆಟ್ ಫೈಬರ್ ಮೈಯೊಂದಿಗೆ ಬಂದಾಗಲೂ ಇದೇ ಪಾಡು. ರೇಡಿಯೋ ತರಂಗವನ್ನು ಫೈಬರ್ ತಡೆಯುವುದಿಲ್ಲವಾದ್ದರಿಂದ ಅವರು ಆಂಟೆನಾವನ್ನು ಡಿಕ್ಕಿಯ ಮುಚ್ಚಳದೊಳಗೇ ಹುದುಗಿಸಿದ್ದರು! ಕೊರತೆಯನ್ನೇ ಅನುಕೂಲ ಮಾಡಿಕೊಂಡ ಜಾಣತನ ಅದು.

ಸ್ಟಾರ್ಮಿನ ಡ್ಯಾಶ್‌ಬೋರ್ಡಿನ ಕೆಳಗೆ ಹಿಂದಿನ ಮಾಲೀಕರು ಯಾರಿಂದಲೋ ಹಾಕಿಸಿದ್ದ ದೀಪವನ್ನು ಬಿಚ್ಚಿದೆವು. ಕರಿ ತಂತಿಯನ್ನು ಒಂದು ಸ್ಕ್ರೂವಿನಿಂದ ನೇರವಾಗಿ ಫೈಬರ್‌ಗೆ ಬಿಗಿದಿದ್ದರು! ಉಕ್ಕಿನ ಕಾರಿನ ಅಭ್ಯಾಸ. ಉದ್ದನೆಯ ತಂತಿಯೊಂದನ್ನು ಬ್ಯಾಟರಿಯ ಋಣ ತುದಿಯಿಂದ ತಂದು ದೀಪಕ್ಕೆ ತಾಕಿಸಿದೊಡನೆ ಬೆಳಗಿತು. ಹಿಂದಿನ ದೀಪಗಳ ಮಿನುಗಿನ ಕಾರಣವೂ ಇದರ ನೆಂಟನೇ. ಅಲ್ಲಿ ಕರಿ ತಂತಿಯ ಜೋಡಣೆ ಹೊದಿಕೆಯಿಂದ ಸೋರಿದ ಮಳೆನೀರಿಗೆ ಹಸಿರುಗಟ್ಟಿತ್ತು. ಬ್ರೇಕ್ ದೀಪದ ವಿದ್ಯುತ್ತು ತನ್ನ ದಾರಿ ಮುಚ್ಚಿದಾಗ ಇಂಡಿಕೇಟರಿನ ಬಲ್ಬಿನ ಮೂಲಕ ನುಸುಳಿ ಮರಳುತ್ತಿತ್ತು. ಮೊದಲು ಬ್ಯಾಟರಿಯ ಋಣ ತುದಿಯನ್ನು ಕಳಚಿ, ಎಮರಿ ಪೇಪರಿನಿಂದ ತಿಕ್ಕಿ, ಹೊಸ ಕರಿ ತಂತಿಯನ್ನು ಉಕ್ಕಿನ ಚೌಕಟ್ಟಿನ ಮೇಲಿನ ಬಣ್ಣ ಕೆರೆದು ಅಲ್ಲಿಗೆ ಬಿಗಿದೆವು. ಮೇಲೆ ವ್ಯಾಸಲೀನ್ ಸವರಿದೆವು. ಅರ್ಧ ದಿನದ ಕೆಲಸ.

ಒಳದೀಪದ 5 ವ್ಯಾಟಿನ ಬಲ್ಬಿನ ಬದಲಿಗೆ ಅರ್ಧ ವ್ಯಾಟಿನ ಎಲ್.ಇ.ಡಿ. ಹಾಕಿದೆವು. 12 ವೋಲ್ಟಿನಲ್ಲಿ 5 ವ್ಯಾಟ್ ಎಂದರೆ ಸುಮಾರು 0.42 ಆಂಪಿಯರ್. ಮರೆತು ಬಿಟ್ಟರೆ 35 ಆಂಪಿಯರ್ ಅವರ್‌ನ ಬ್ಯಾಟರಿ ಮೂರೂವರೆ ದಿನದಲ್ಲಿ ಪೂರಾ ಬರಿದಾಗುತ್ತದೆ. ಎಲ್.ಇ.ಡಿ.ಯಾದರೆ ಅದರ ಹತ್ತು ಪಟ್ಟು ಕಾಲ. ಅದಕ್ಕೆ ಧನ, ಋಣ ತುದಿಗಳ ಭೇದವಿದೆ. ಉರಿಯದಿದ್ದರೆ ಎಸೆಯಬೇಡಿ, ತಿರುಗಿಸಿ ಹಾಕಿ ನೋಡಿ.

ಹೊದಿಕೆಯ ಕೀಲಿನಲ್ಲಿ ಒಂದು ಬುಷ್ ಸವೆದಿತ್ತು. ಪಿ.ಬಿ. ರಸ್ತೆಯ ಬದಿಯ ಪುಟ್ಟ ವರ್ಕ್‌ಶಾಪಿನಲ್ಲಿ ಹಿತ್ತಾಳೆಯ ಹೊಸದನ್ನು ಕಡೆದುಕೊಟ್ಟರು. ಅದು ಕಡೆದದ್ದು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತಿನಲ್ಲಿ! 1941ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದವು. ಅದರ ಯಂತ್ರಗಳು ಇನ್ನೂ ದುಡಿಯುತ್ತಿವೆ. ಅಲ್ಲಿ ಕೆಲಸ ಮಾಡಿದ ನನ್ನ ಶಿಷ್ಯರು ಇದನ್ನು ಓದುತ್ತಿದ್ದರೆ ಸಂತೋಷಪಡಲಿ.

ಹೊಸ ತಂತಿಗಳ ದಾರಿಯನ್ನು ಬಣ್ಣದ ಸಮೇತ ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಹಾಕಿಸಿ, ಕಾರಿನಲ್ಲಿಯೇ ಇರಿಸಿದ್ದೇವೆ. ಡಾಲ್ಫಿನ್ ಅಥವಾ ಬಾದಲ್ ಕಾರಿನ ತಂತಿಗಳ ನಕ್ಷೆ ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿರಿ. ಪ್ರತಿ ಮಾಡಿಸಿಕೊಂಡು ಜೋಪಾನವಾಗಿ ಹಿಂದಿರುಗಿಸುತ್ತೇನೆ.