ಕೋಲ್ಟ್ ಪಿಸ್ತೂಲಿನ ಮೈಬಣ್ಣ

ಅಮೆರಿಕಾ ದೇಶದ ಜಾನ್ ಬ್ರೌನಿಂಗ್ ಎಂಬಾತನು ರೂಪಿಸಿ, ಕೋಲ್ಟ್ ಕಂಪನಿಯವರು ತಯಾರಿಸಿದ ಅರ್ಧಸ್ವಯಂಚಾಲಿತ ಪಿಸ್ತೂಲನ್ನು ಆ ದೇಶದ ಸೇನೆಯು 1911ನೆಯ ಇಸವಿ ಮಾರ್ಚ್ 29ರಂದು ಅಂಗೀಕರಿಸಿತು. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಬಲದಿಂದಲೇ ಬರಿದಾದ ತೋಟಾವನ್ನು ಹೊರಚೆಲ್ಲಿ ಮತ್ತೊಂದನ್ನು ತಾನೇ ತುಂಬಿಕೊಳ್ಳುವುದು ಇದರ ವಿಶೇಷ. 1985ರವರೆಗೆ ಇದೇ ಆ ಸೇನೆಯ ಮುಖ್ಯ ಕೈಬಂದೂಕಾಗಿತ್ತು. ಇಂತಹ ಹಳೆಯ ಆಯುಧವನ್ನು ಪಡೆದವನು ಅದನ್ನು ತನ್ನ ಇಷ್ಟದಂತೆ ಮಾರ್ಪಡಿಸಿಕೊಳ್ಳಬಹುದೆ, ಅಥವಾ ಮೊದಲಿನ ಮೈಬಣ್ಣದೊಡನೆ ಹಾಗೆಯೇ ಕಾಪಾಡಬೇಕೆ ಎಂಬುದು ಸಂಗ್ರಾಹಕರಲ್ಲಿ ತೀರದ ವಿವಾದ.

ಮೊದಮೊದಲಿನ ಪಿಸ್ತೂಲುಗಳ ಉಕ್ಕನ್ನು ಕನ್ನಡಿಯಂತೆ ಉಜ್ಜಿ, ಕಾಯಿಸಿ, ಕಡುನೀಲಿಯ ಹೊಳಪನ್ನು ಬರಿಸುತ್ತಿದ್ದರು. ಅದು ಮೇಲೆ ಬಳಿದ ಬಣ್ಣವಲ್ಲ. ಉಕ್ಕಿನ ಮೈಯೇ ತಳೆದ ತೆಳುವಾದ ಪೊರೆ. 1918ರಲ್ಲಿ ಯುದ್ಧದ ತ್ವರೆಯಲ್ಲಿ ಮಾಡಿದವುಗಳಲ್ಲಿ ಈ ನಯವಿಲ್ಲ. ಹತ್ಯಾರುಗಳ ಗೀರುಗಳು ಕರಿಬಣ್ಣದ ಕೆಳಗೆ ಹಾಗೆಯೇ ಕಾಣುತ್ತವೆ. ಆ ಒರಟುತನವನ್ನು ದೋಷವೆಂದು ಉಜ್ಜಿ ತೆಗೆದರೆ, ಆ ವರ್ಷದ ಅವಸರದ ಗುರುತೇ ಅಳಿದಂತಾಯಿತು. ಎರಡನೆಯ ಮಹಾಯುದ್ಧದಲ್ಲಿ ನೀಲಿಯ ಬದಲು ಪಾರ್ಕರೈಸಿಂಗ್ ಎಂಬ, ಫಾಸ್ಫೇಟ್ ದ್ರಾವಣದಿಂದ ಬರುವ ಮಾಸಲು ಬೂದುಬಣ್ಣವು ಬಳಕೆಗೆ ಬಂದಿತು. ನಮ್ಮ ಮನೆಗಳಲ್ಲಿ ಹೊಲಿಗೆಯಂತ್ರದಿಂದ ಪರಿಚಿತವಾದ ಸಿಂಗರ್ ಕಂಪನಿಯವರೂ 1941ರಲ್ಲಿ 500 ಪಿಸ್ತೂಲುಗಳನ್ನು ಮಾಡಿಕೊಟ್ಟರು. ಮೊದಲಿನ ನೀಲಿಯೊಡನೆ ಉಳಿದ ಅವುಗಳಲ್ಲೊಂದಕ್ಕೆ ಇಂದು ಲಕ್ಷಕ್ಕೂ ಮಿಕ್ಕ ಡಾಲರು ಬೆಲೆಯುಂಟು.

ಮಾರ್ಪಡಿಸುವವರ ಪಕ್ಷವೂ ನಿರ್ಬಲವಾದುದಲ್ಲ. ಸೇನೆಗೆ ಒಟ್ಟು ಸುಮಾರು 27 ಲಕ್ಷ ಪಿಸ್ತೂಲುಗಳು ಸಂದವು. ಯುದ್ಧಾನಂತರ ಹೆಚ್ಚಾಗಿ ಉಳಿದವು ಅಗ್ಗದಲ್ಲಿ ದೊರೆತಾಗ ಅವುಗಳನ್ನು ಪೂಜೆಯ ವಸ್ತುವೆಂದು ಯಾರು ಬಗೆದಾರು? ಓಹಾಯೋ ಪ್ರಾಂತದ ಕ್ಯಾಂಪ್ ಪೆರಿಯಲ್ಲಿ ಗುರಿಯ ಪಂದ್ಯಕ್ಕೆ ನಿಲ್ಲುವವರು ನಳಿಗೆಯನ್ನು ಬಿಗಿಯಾಗಿ ಕೂರಿಸಿ, ಹೊಂದಿಸಬಹುದಾದ ಗುರಿಗಣ್ಣನ್ನು ಜೋಡಿಸಿಕೊಂಡರು. ಸೇನೆಯ ಗುರಿಕಾರರೇ ಹಾಗೆ ಮಾಡಿದರು. ಇದು ಬಳಕೆಗಾಗಿ ಮಾಡಿದ ಪ್ರಾಮಾಣಿಕವಾದ ಮಾರ್ಪಾಡು, ನೋಡಿದವನಿಗೆ ಮೋಸವಾಗುವುದಿಲ್ಲ.

ಹಾನಿಯೆಲ್ಲ ಮೂರನೆಯ ಪಂಗಡದವರಿಂದ. ಹಳೆಯದನ್ನು ಹೊಸದರಂತೆ ತೋರಿಸಬೇಕೆಂದು ಇವರು ಉಜ್ಜುಗಾಲಿಗೆ ಹಿಡಿದಾಗ, ಸರ್ಕಾರದ ಸ್ವತ್ತೆಂದು ಕೊರೆದ ಅಕ್ಷರಗಳ ಅಂಚು ಮೊಂಡಾಗುತ್ತದೆ, ಪರೀಕ್ಷಕನ ಮುದ್ರೆ ಸವೆಯುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಶಿಲಾಶಾಸನಕ್ಕೆ ಉಳಿಯ ಪೆಟ್ಟು ಕೊಟ್ಟು ನಯಮಾಡುವುದಕ್ಕೂ ಇದಕ್ಕೂ ಭೇದವೇನು?

ಇನ್ನೊಂದು ತೊಡಕುಂಟು. ಸೇನೆಯ ಆಯುಧಶಾಲೆಗಳೇ ಸಾವಿರಾರು ಪಿಸ್ತೂಲುಗಳನ್ನು ಬಿಚ್ಚಿ, ಭಾಗಗಳನ್ನು ಬದಲಿಸಿ, ನೀಲಿಯ ಮೇಲೆ ಬೂದುಬಣ್ಣವನ್ನು ಬರಿಸಿ, ತಮ್ಮ ಮುದ್ರೆಯನ್ನು ಒತ್ತಿದವು. ಆಗಸ್ಟಾ ಆಯುಧಶಾಲೆಯದು ‘ಎಎ’ ಎಂಬ ಎರಡಕ್ಷರ. ಈ ಬೂದುಬಣ್ಣವೂ ಆ ಪಿಸ್ತೂಲಿನ ಸೇವಾಚರಿತ್ರೆಯ ಭಾಗವೇ. ಅದನ್ನು ಕಿತ್ತು ‘ಮೂಲ’ ನೀಲಿಯನ್ನು ತರಿಸುವವನಿಗೆ ದೊರೆಯುವುದು ಈಗಿನ ಕಾಲದ ನೀಲಿ. ಸೇನೆಯ ಉಗ್ರಾಣದಲ್ಲಿ ಉಳಿದಿದ್ದ ಹಳೆಯ ಪಿಸ್ತೂಲುಗಳು 2018ರಿಂದ ನಾಗರಿಕರಿಗೆ ಮಾರಾಟವಾಗತೊಡಗಿದವು. ಹೀಗೆ ದುರಸ್ತಾದವು ಅವುಗಳಲ್ಲಿ ಅನೇಕ.