ಬೀಗ ಬಿದ್ದ ಊರಿಗೆ ಮರಳಿದವರು



ಅಜ್ಜಿ ಮನೆಯ ಅಳಗುಳಿ ಮಣೆ ಅಟ್ಟದ ಮೇಲೆ ಎಷ್ಟು ವರ್ಷ ಬಿದ್ದಿದ್ದರೂ, ಕೆಳಗಿಳಿಸಿ ಧೂಳು ಒರೆಸಿ ಹುಣಸೆ ಬೀಜ ಹಾಕಿದರೆ ಆಟ ಶುರು. ಯಾರ ಅಪ್ಪಣೆಯೂ ಬೇಡ. ಇಂದಿನ ಅನೇಕ ಆನ್‌ಲೈನ್ ಆಟಗಳು ಹಾಗಲ್ಲ. ನಮ್ಮ ಕಂಪ್ಯೂಟರಿನಲ್ಲಿರುವುದು ಆಟದ ಅರ್ಧ ಭಾಗ ಮಾತ್ರ. ಉಳಿದರ್ಧ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಸಾವಿರಾರು ಜನ ಒಟ್ಟಿಗೆ ಆಡುವಾಗ ಯಾರು ಎಲ್ಲಿದ್ದಾರೆ, ಯಾರ ಬಳಿ ಏನಿದೆ ಎಂದು ಲೆಕ್ಕ ಇಡುವುದು ಆ ಸರ್ವರ್. ಕಂಪನಿ ಅದನ್ನು ನಿಲ್ಲಿಸಿದ ದಿನ, ದುಡ್ಡು ಕೊಟ್ಟು ತಂದ ಡಿಸ್ಕ್ ನಮ್ಮ ಕೈಯಲ್ಲೇ ಇದ್ದರೂ ಆಟ ಇರುವುದಿಲ್ಲ.

ಹಾಗೆ ಇಲ್ಲವಾಗಿ, ಮತ್ತೆ ಬದುಕಿ ಬಂದ ಒಂದು ಆಟದ ಇತಿಹಾಸ ಇಲ್ಲಿದೆ.

2004ರ ಏಪ್ರಿಲ್‌ನಲ್ಲಿ 'ಸಿಟಿ ಆಫ್ ಹೀರೋಸ್' ಎಂಬ ಆಟ ಬಿಡುಗಡೆಯಾಯಿತು. ಕ್ಯಾಲಿಫೋರ್ನಿಯಾದ ಕ್ರಿಪ್ಟಿಕ್ ಸ್ಟುಡಿಯೋಸ್ ಅದನ್ನು ರೂಪಿಸಿತ್ತು. ದಕ್ಷಿಣ ಕೊರಿಯಾದ ಎನ್‌ಸಿಸಾಫ್ಟ್ ಪ್ರಕಟಿಸಿತ್ತು. ಪ್ಯಾರಗಾನ್ ಸಿಟಿ ಎಂಬ ಕಾಲ್ಪನಿಕ ಊರಿನಲ್ಲಿ ಪ್ರತಿಯೊಬ್ಬ ಆಟಗಾರನೂ ತನ್ನದೇ ಸೂಪರ್‌ಹೀರೋ ಸೃಷ್ಟಿಸಬಹುದಿತ್ತು. ವೇಷ, ಬಣ್ಣ, ಶಕ್ತಿ, ಹೆಸರು ಎಲ್ಲವೂ ಆಟಗಾರನ ಆಯ್ಕೆ.

ಅದೇ ವರ್ಷ ನವೆಂಬರಿನಲ್ಲಿ ಮಾರ್ವೆಲ್ ಕಂಪನಿ ಕೋರ್ಟಿಗೆ ಹೋಯಿತು. ಆಟಗಾರರು ತನ್ನ ಹಲ್ಕ್, ವುಲ್ವರಿನ್ ಪಾತ್ರಗಳ ನಕಲು ಮಾಡಲು ಈ ಆಟ ಅವಕಾಶ ಕೊಡುತ್ತಿದೆ ಎಂಬುದು ಅದರ ದೂರು. ತಮಾಷೆ ನೋಡಿ, ಮಾರ್ವೆಲ್ ಸಾಕ್ಷಿಯಾಗಿ ಕೊಟ್ಟ ಕೆಲವು ನಕಲು ಪಾತ್ರಗಳನ್ನು ಮಾರ್ವೆಲ್ ಕಡೆಯವರೇ ಆಟದೊಳಗೆ ಹೋಗಿ ಮಾಡಿದ್ದರು! ನ್ಯಾಯಾಧೀಶರು ಆ ಸಾಕ್ಷಿಗಳನ್ನು ಕೈಬಿಟ್ಟರು. 2005ರ ಡಿಸೆಂಬರಿನಲ್ಲಿ ಎರಡೂ ಕಡೆಯವರು ರಾಜಿಯಾದರು.

ಆಟಕ್ಕೆ ಕಷ್ಟ ಬಂದದ್ದು ಆಮೇಲೆ. 2012ರ ಆಗಸ್ಟ್ 31ರಂದು, ಆಟವನ್ನು ಮುಚ್ಚುತ್ತೇವೆ ಎಂದು ಎನ್‌ಸಿಸಾಫ್ಟ್ ಘೋಷಿಸಿತು. ಆಟಗಾರರು ಮನವಿಗೆ ಸಹಿ ಹಾಕಿದರು. ಆಟದೊಳಗಿನ ಅಟ್ಲಾಸ್ ಪಾರ್ಕ್‌ನಲ್ಲಿ ತಮ್ಮ ಪಾತ್ರಗಳ ಕೈಗೆ ಪಂಜು ಕೊಟ್ಟು ಸಾಲಾಗಿ ನಿಂತರು. ಆದರೂ ನವೆಂಬರ್ 30ರಂದು ಸರ್ವರ್‌ಗಳು ನಿಂತವು. ಎಂಟು ವರ್ಷ ಸ್ನೇಹಿತರು ಸೇರುತ್ತಿದ್ದ ಊರಿಗೆ ಒಂದೇ ರಾತ್ರಿಯಲ್ಲಿ ಬೀಗ ಬಿತ್ತು.

ಆರೂವರೆ ವರ್ಷದ ನಂತರ, 2019ರ ಏಪ್ರಿಲ್‌ನಲ್ಲಿ, ಒಂದು ಗುಟ್ಟು ಹೊರಬಿತ್ತು. ಕೆಲವು ಅಭಿಮಾನಿಗಳು ಸರ್ವರ್‌ನ ಕೋಡ್ ಪಡೆದು, ಯಾರಿಗೂ ಹೇಳದೆ ವರ್ಷಗಳಿಂದ ಆ ಆಟವನ್ನು ತಮ್ಮತಮ್ಮಲ್ಲೇ ನಡೆಸುತ್ತಿದ್ದರು! ಇಂಥದ್ದನ್ನು ಪ್ರೈವೇಟ್ ಸರ್ವರ್ ಎನ್ನುತ್ತಾರೆ. ಆಟ ಸತ್ತೇ ಹೋಯಿತೆಂದು ನಂಬಿದ್ದ ಉಳಿದವರಿಗೆ ಸಂತೋಷದ ಜೊತೆಗೆ ಸಿಟ್ಟೂ ಬಂತು. ಸ್ವಲ್ಪದರಲ್ಲೇ ಕೋಡ್ ಎಲ್ಲರಿಗೂ ಸಿಕ್ಕಿತು. 'ಹೋಮ್‌ಕಮಿಂಗ್' ಎಂಬ ಸ್ವಯಂಸೇವಕರ ತಂಡ ಉಚಿತವಾಗಿ ಆಡಲು ಸರ್ವರ್ ತೆರೆಯಿತು. ಖರ್ಚಿಗೆ ಬೇಕಾದಷ್ಟು ದೇಣಿಗೆ ಮಾತ್ರ ಪಡೆದು ಆಟ ನಡೆಸಿತು.

ಇಲ್ಲಿ ಮಕ್ಕಳು ಕೇಳಬಹುದು: ಇದು ಕಳ್ಳತನ ಅಲ್ಲವೇ?

ಕಾನೂನಿನ ಪ್ರಕಾರ ಆಟದ ಕೋಡ್, ಚಿತ್ರ, ಪಾತ್ರ, ಹೆಸರು ಎಲ್ಲ ಕಂಪನಿಯ ಆಸ್ತಿ. ಅಂಗಡಿಗೆ ಬಾಗಿಲು ಹಾಕಿದ ಮಾತ್ರಕ್ಕೆ ಒಳಗಿನ ಸಾಮಾನು ಊರಿನವರದ್ದಾಗುವುದಿಲ್ಲ. ಅಮೆರಿಕದಲ್ಲಿ ಕಂಪನಿಯೊಂದು ತನ್ನ ನೌಕರರಿಂದ ಮಾಡಿಸಿ ಪ್ರಕಟಿಸಿದ ಕೃತಿಗೆ ಸಾಮಾನ್ಯವಾಗಿ 95 ವರ್ಷ ಕಾಪಿರೈಟ್ ಇರುತ್ತದೆ. ಆ ಲೆಕ್ಕದಲ್ಲಿ 2004ರ ಆಟವೊಂದು ಎಲ್ಲರ ಸ್ವತ್ತಾಗುವುದು 2100ರಲ್ಲಿ. ಅಷ್ಟರಲ್ಲಿ ಅದನ್ನು ಆಡಿದವರು ಯಾರು ಉಳಿದಿರುತ್ತಾರೆ? ಆ ಕಂಪ್ಯೂಟರುಗಳಾದರೂ ಎಲ್ಲಿರುತ್ತವೆ? ಕಾನೂನು ಕಾಯುವಷ್ಟು ಕಾಲ ಆಟ ಕಾಯುವುದಿಲ್ಲ. ಅಭಿಮಾನಿಗಳ ಸಂಕಟ ಇದೇ.

ಕಂಪನಿಗಳ ಆತಂಕಕ್ಕೂ ಕಾರಣವಿದೆ. ಕೆನಡಾದ ಕೆಲೋನಾದಲ್ಲಿ 2005ರಲ್ಲಿ ಶುರುವಾದ 'ಕ್ಲಬ್ ಪೆಂಗ್ವಿನ್' ಪುಟ್ಟ ಮಕ್ಕಳ ಆಟ. 2007ರಲ್ಲಿ ಡಿಸ್ನಿ ಅದನ್ನು ಕೊಂಡು, 2017ರಲ್ಲಿ ಮುಚ್ಚಿತು. ಮೂಲ ಆಟದಲ್ಲಿ ಮಕ್ಕಳ ಮಾತುಕತೆಯ ಮೇಲೆ ಕಣ್ಣಿಡುವ ಸಿಬ್ಬಂದಿ ಇದ್ದರು. ಆಮೇಲೆ ಹುಟ್ಟಿಕೊಂಡ ನಕಲು ಸರ್ವರ್‌ಗಳಲ್ಲಿ ಆ ಭರವಸೆ ಇರಲಿಲ್ಲ. ಅಂಥ ಒಂದು ಸರ್ವರ್‌ನಲ್ಲಿ ಮಕ್ಕಳಿಗೆ ಸಲ್ಲದ ಮಾತುಗಳು ಹರಿದಾಡುತ್ತಿರುವುದನ್ನು 2020ರಲ್ಲಿ ಬಿಬಿಸಿ ವರದಿ ಮಾಡಿತು. ಡಿಸ್ನಿ ನೋಟಿಸ್ ಕೊಟ್ಟು ಅದನ್ನು ಮುಚ್ಚಿಸಿತು. 2022ರಲ್ಲಿ ಇನ್ನೊಂದು ಸರ್ವರ್ ಮುಚ್ಚಿದಾಗ ಲಂಡನ್ನಿನ ಪೊಲೀಸರು ಮೂವರನ್ನು ಬಂಧಿಸಿದರು. ಅಂದರೆ, ಅಭಿಮಾನ ಇದ್ದ ಕಡೆಯೆಲ್ಲ ಜವಾಬ್ದಾರಿಯೂ ಇರುತ್ತದೆ ಎಂದು ಹೇಳಲಾಗದು.

ಕಾನೂನು ಅಲ್ಪಸ್ವಲ್ಪ ಬಾಗಿಲು ತೆರೆದಿದೆ. ನಿಂತುಹೋದ ಆನ್‌ಲೈನ್ ಆಟವನ್ನು ಕಾಪಾಡಲು ಗ್ರಂಥಾಲಯ, ಮ್ಯೂಸಿಯಂಗಳು ಅದರ ಡಿಜಿಟಲ್ ಬೀಗ ತೆಗೆಯಬಹುದು ಎಂದು 2018ರಲ್ಲಿ ಅಮೆರಿಕದಲ್ಲಿ ವಿನಾಯಿತಿ ಸಿಕ್ಕಿತು. ಆದರೆ ಕೋಡ್ ನ್ಯಾಯವಾಗಿ ಸಿಕ್ಕಿರಬೇಕು, ಆಡುವುದು ಆ ಕಟ್ಟಡದೊಳಗೇ ಆಗಬೇಕು. ಮನೆಯಲ್ಲಿ ಕೂತ ಅಭಿಮಾನಿಗೆ ಇದರಿಂದ ಉಪಯೋಗವಿಲ್ಲ.

ಹೋಮ್‌ಕಮಿಂಗ್ ತಂಡ ಬೇರೆ ದಾರಿ ಹಿಡಿಯಿತು. ಬಚ್ಚಿಟ್ಟುಕೊಂಡು ಕೂರದೆ, ಎನ್‌ಸಿಸಾಫ್ಟ್ ಜೊತೆ ಮಾತಿಗಿಳಿಯಿತು. ಮಾತುಕತೆ ವರ್ಷಗಟ್ಟಲೆ ನಡೆಯಿತು. ಕೊನೆಗೆ 2024ರ ಜನವರಿಯಲ್ಲಿ ಸಿಹಿಸುದ್ದಿ ಬಂತು: ಆಟ ನಡೆಸಲು ಕಂಪನಿ ಲೈಸೆನ್ಸ್ ಕೊಟ್ಟಿತು. ಒಡೆತನ ಕಂಪನಿಯದೇ, ದೀಪ ಹಚ್ಚಿಡುವವರು ಅಭಿಮಾನಿಗಳು.

ಶುರುವಾದ ರೀತಿ ಸರಿಯಿತ್ತು ಎಂದು ನಾನು ಹೇಳಲಾರೆ. ಆದರೆ ಆ ಗುಟ್ಟಿನ ಸರ್ವರ್ ಇಲ್ಲದಿದ್ದರೆ ಲೈಸೆನ್ಸ್ ಕೊಡಲು ಆಟವೇ ಉಳಿದಿರುತ್ತಿತ್ತೋ ಇಲ್ಲವೋ. ಹಾಗೆಯೇ ಕಂಪನಿ ಮನಸ್ಸು ಮಾಡದಿದ್ದರೆ ಇದೂ ಕೋರ್ಟಿನಲ್ಲಿ ಮುಗಿಯಬಹುದಿತ್ತು. ಒಂದು ಆಟದ ಉಳಿವು ಯಾರದೋ ಗುಟ್ಟು, ಇನ್ಯಾರದೋ ದೊಡ್ಡ ಮನಸ್ಸಿನ ಮೇಲೆ ನಿಲ್ಲಬಾರದು. ಮುಚ್ಚುವ ದಿನವೇ 'ಮುಂದೆ ಇದನ್ನು ಯಾರು ನೋಡಿಕೊಳ್ಳುತ್ತಾರೆ?' ಎಂಬ ಪ್ರಶ್ನೆಗೂ ಉತ್ತರ ಸಿಗಬೇಕು.

ಪೋಷಕರೇ, ಮುಂದಿನ ಸಲ ಮಕ್ಕಳು ಆನ್‌ಲೈನ್ ಆಟ ಕೇಳಿದಾಗ ಜೊತೆಗೆ ಕೂತು ಎರಡು ವಿಷಯ ನೋಡಿ: ನಾವು ಕೊಳ್ಳುತ್ತಿರುವುದು ಆಟವನ್ನೋ, ಆಡುವ ಅನುಮತಿಯನ್ನೋ? ಈ ಸರ್ವರ್ ನಡೆಸುತ್ತಿರುವವರು ಯಾರು? ಮಕ್ಕಳೇ, ನೀವು ಒಂದು ಆಟ ಮಾಡಿ, ಮುಂದೊಂದು ದಿನ ಅದನ್ನು ನಿಲ್ಲಿಸಬೇಕಾಗಿ ಬಂದರೆ ಬೀಗದ ಕೈಯನ್ನು ಯಾರಿಗೆ ಕೊಡುತ್ತೀರಿ? ಯೋಚಿಸಿ, ತರಗತಿಗೆ ಬಂದಾಗ ಕನ್ನಡದಲ್ಲೇ ಹೇಳಿ.